ಬಳಸು ದಾರಿ

ದಾರಿ ಎಲ್ಲಿ ಶುರುವಾಗುತ್ತದೆ, ಕೇಳುತ್ತಾರೆ ಸೈಕಲ್ಲಿನವರು,
ಒಂದು ಕಾಲು ನೆಲಕ್ಕೂರಿ, ಇನ್ನೊಂದನ್ನು ಪೆಡಲಿನ ಮೇಲೇ ಬಿಟ್ಟು.
ನೀವು ಎಲ್ಲಿ ಹತ್ತಿದಿರೋ ಅಲ್ಲಿ, ಅನ್ನುತ್ತೇನೆ.
ನಗುತ್ತಾರೆ. ತಮಾಷೆಗೆ ಹೇಳಿದ್ದಲ್ಲ.
ಲ್ಯುಬ್ಲ್ಯಾನಾ ನಗರದ ಸುತ್ತ ಮೂವತ್ತು ಚಿಲ್ಲರೆ ಕಿಲೋಮೀಟರು,
ಎರಡು ಮಾರು ಅಗಲದ ಜಲ್ಲಿ, ಬದಿಗೆ ಮರ,
ಹೆದ್ದಾರಿಯನ್ನು ಹೇಗೋ ದಾಟಿ, ಗುಡ್ಡವೊಂದನ್ನು ಏರಿಳಿದು,
ಕೋಸಿನ ಹೊಲ, ಸ್ಮಶಾನದ ಗೋಡೆ, ಕೊಳ, ಬಾತುಕೋಳಿ,
ಮತ್ತೆ ಅದೇ ಕೋಸು.

ಜಲ್ಲಿ ಹರಡುವುದು ನನ್ನ ಕೆಲಸ.
ಮಳೆ ಕೊರೆದ ಕಡೆ ಒಂದು ಕೈಗಾಡಿ,
ನಾಯಿ ಕೆದರಿದ ಕಡೆ ಅರ್ಧ.
ಹಲುಬೆ ಎಳೆದು ಹಿಂದೆ ನೋಡಿದರೆ ಗೆರೆಗೆರೆ,
ಬಾಚಿದ ತಲೆಯ ಹಾಗೆ;
ಐದು ನಿಮಿಷ ಇರುತ್ತದೆ.

ಯೆರಿತ್ಸಾ ಬರುವುದು ಹತ್ತಕ್ಕೆ.
ದಾರಿಗೆ ಹೋಗುತ್ತೇನೆ ಅನ್ನುವವಳಲ್ಲ,
ಮಗಳಿಗೆ ಹೇಳಿ ಬರುತ್ತಾಳೆ: ತಂತಿಯ ತನಕ ಹೋಗಿ ಬರುತ್ತೇನೆ.
ಬೇಲಿ ಎದ್ದು ಹೊಲ ಮೇಯ್ದದ್ದು ಅವಳಿಗೆ ಗಾದೆಯಲ್ಲ.
ಏಳು ವರ್ಷದವಳಿದ್ದಾಗ ಇಟಲಿಯ ಸಿಪಾಯಿಗಳು
ಅವಳಪ್ಪನ ಹೊಲದ ನಡುವೆಯೇ ಮುಳ್ಳುತಂತಿ ಎಳೆದರು.
ಮನೆ ಒಳಗೆ, ಕೋಸು ಹೊರಗೆ.
ಆ ವರ್ಷ ಒಂದೊಂದು ಗಡ್ಡೆಯೂ ಬುಟ್ಟಿಯಷ್ಟಾಯಿತಂತೆ,
ನೋಡುತ್ತಾ ನೋಡುತ್ತಾ ಒಡೆದು ಕೊಳೆಯಿತಂತೆ.
ಇಡೀ ನಗರವನ್ನೇ ಬಳಸಿತ್ತು ತಂತಿ.
ಈಗ ಜನ ಬಳಸುತ್ತಾರೆ.
ಮಾತು ಅದೇ. ಮೇಲೆ ಜಲ್ಲಿ ಬಿದ್ದಿದೆ.

ನನಗೂ ಒಂದು ಊರಿತ್ತು, ದ್ರಿನಾ ದಂಡೆಯಲ್ಲಿ.
ಅಲ್ಲಿ ತಂತಿ ಬೇಕಾಗಲಿಲ್ಲ, ಬೆಟ್ಟಗಳೇ ಸಾಕಾದವು,
ಬೆಟ್ಟದ ಮೇಲೆ ಅವರು.
ಕರೆಂಟಿಲ್ಲ. ಅಪ್ಪ ನನ್ನ ಸೈಕಲ್ಲಿನ ಹಿಂಗಾಲಿ ಎತ್ತಿ ಕಟ್ಟಿ
ಡೈನಮೋದ ತಂತಿಯನ್ನು ರೇಡಿಯೋಗೆ ಕೊಟ್ಟ.
ಸುದ್ದಿ ಮುಗಿಯುವ ತನಕ ತುಳಿ ಸೆನಾದ್, ಅಂದ.
ನಿಧಾನಿಸಿದರೆ ಓದುವವನ ದನಿ ಕುಸಿಯುತ್ತಿತ್ತು,
ಜೋರು ತುಳಿದರೂ ಸುದ್ದಿ ಮಾತ್ರ ಅದೇ.
ಹತ್ತನೇ ವಯಸ್ಸಿನಲ್ಲಿ, ಅಡುಗೆಮನೆಯ ಕಿಟಕಿಯಿಂದ ದೂರ,
ಗೋಡೆಗೆ ಮುಖ ಮಾಡಿ
ಎಷ್ಟು ದೂರ ಹೋದೆನೋ, ಲೆಕ್ಕವಿಟ್ಟವರಿಲ್ಲ.

ಇದನ್ನು ಯೆರಿತ್ಸಾಳಿಗೆ ಹೇಳಿದ್ದು ಒಮ್ಮೆ,
ಅದೂ ಅವಳ ಚೀಲದ ಸೇಬಿಗೆ ಕೈಯೊಡ್ಡಿದಾಗ, ಬಾಯಿ ಜಾರಿ.
ಅಯ್ಯೋ ಅನ್ನಲಿಲ್ಲ. ಅಗಿಯುವುದನ್ನು ನಿಲ್ಲಿಸಿ ಕೇಳಿದಳು:
ಆಮೇಲೆ ಅಲ್ಲಿ ಮರ ನೆಟ್ಟರಾ?
ಮರ ಇವೆ, ಅಂದೆ. ಯಾರೂ ನೆಟ್ಟವಲ್ಲ.
ಕೆಲವದರ ಕೊರಳಿಗೆ ಕೆಂಪು ಹಲಗೆ, ತಲೆಬುರುಡೆಯ ಚಿತ್ರ,
ಕೆಳಗೆ ನೆಲಬಾಂಬು ಇರಬಹುದೆಂದು.
ಅಣಬೆಗೆ ಹೋಗುವವರೂ ಅಲ್ಲಿಂದ ಬಳಸಿಯೇ ಹೋಗುತ್ತಾರೆ.

ಅವಳು ಸೇಬಿನ ಬೀಜ ಉಗುಳಿದಳು,
ನಾನು ಆಗಷ್ಟೇ ಬಾಚಿದ ಜಲ್ಲಿಯ ಮೇಲೆ.

ಮೇ ತಿಂಗಳಲ್ಲಿ ಇಡೀ ಊರು ನಡೆಯುತ್ತದೆ.
ಶಾಲೆ ಮಕ್ಕಳು, ಗಂಟಲು ಕಟ್ಟಿದ ಮೇಷ್ಟರು,
ಕೊರಳಲ್ಲಿ ಕಾರ್ಡು, ಕಟ್ಟೆಕಟ್ಟೆಗೆ ಒಂದು ಮುದ್ರೆ.
ಮರುದಿನ ಜಲ್ಲಿಯೆಲ್ಲ ಹುಲ್ಲಿನಲ್ಲಿರುತ್ತದೆ,
ಹಾಗಾಗಿ ಆ ದಿನ ನನಗೆ ಇಷ್ಟವಲ್ಲ.
ಈ ವರ್ಷ ಮಾತ್ರ ಯೆರಿತ್ಸಾ ಮಗಳ ಸೈಕಲ್ಲು ತಳ್ಳಿಕೊಂಡು ಬಂದು,
ನನ್ನ ಮಂಡಿ ಸವೆದಿದೆ, ಕಾರ್ಡು ನಿನ್ನ ಹತ್ತಿರ ಇರಲಿ, ಅಂದಳು.
ಸೀಟು ಕುಳ್ಳಗಿತ್ತು. ಮಂಡಿ ಎದೆಗೆ ಬಡಿಯುತ್ತಿತ್ತು.

ತುಳಿದೆ.
ಮೊದಲ ಮರ ಹಿಂದೆ ಹೋಯಿತು.
ಇಷ್ಟಕ್ಕೇ ನಾನು ಬ್ರೇಕು ಹಿಡಿದು ನಿಂತೆ,
ಹಿಂದೆ ಬಂದ ಹುಡುಗ ಬೈದು ಸರಿದ.
ಮತ್ತೆ ತುಳಿದೆ. ಎರಡನೆಯದೂ ಹೋಯಿತು.

ಸಂಜೆ, ಹನ್ನೊಂದು ಮುದ್ರೆ, ಒಂದು ಉಜ್ಜಿಹೋಗಿದೆ.
ಬೆಂಚಿನಲ್ಲಿ ಅವಳಿಲ್ಲ, ಚಳಿಗೆ ಎದ್ದು ಹೋಗಿರಬೇಕು.
ಮರಕ್ಕೆ ಒರಗಿಸಿಟ್ಟ ಹಲುಬೆ ಹಾಗೇ ಇತ್ತು,
ಹಲ್ಲುಗಳ ನಡುವೆ
ಬೆಳಗಿನ ಜಲ್ಲಿ.